ಒಥೋನ ಗುಂಗುರು

ಕೆಳಗಿನ ಮನೆಯಿಂದ ಬೆಳ್ಳುಳ್ಳಿ ಹುರಿಯುವ ವಾಸನೆ, ಭಾನುವಾರದ ಊಟದ ಹೊತ್ತು, ನನ್ನ ಅಂಗೈಯಲ್ಲಿ ಮಾತ್ರ ಈ ತಣ್ಣನೆಯ ಕಂಚಿನ ನಾಣ್ಯ — ಹೆಬ್ಬೆರಳು ತಾನಾಗಿಯೇ ಅಂಚಿಗೆ ಹೋಗುತ್ತದೆ, ಬೇಡ, ಅಲ್ಲಿಗೆ ಹೋಗಬೇಡ, ಅಲ್ಲಿ ಕೂದಲೆಳೆಯಷ್ಟು ಗೆರೆಯಿದೆ, ಅಚ್ಚಿನ ಎರಡು ಹೋಳು ಕೂಡಿದ ಗೆರೆ, ಇದು ಎರಕ ಹೊಯ್ದ ಖೋಟಾ, ಟಂಕಸಾಲೆಯಲ್ಲಿ ಸುತ್ತಿಗೆಯ ಏಟು ತಿಂದದ್ದಲ್ಲ. ನಲವತ್ತಾರು ವರ್ಷದ ಹಿಂದೆ ನದಿಯಾಚೆಯ ಸಂತೆಯಲ್ಲಿ ಇದನ್ನು ಕೊಂಡು ಗೆಳೆಯ ನಜ್ಜರೇನೊ ಬೆವರುತ್ತ ಓಡಿಬಂದಿದ್ದ, ಫುಲ್ವಿಯೋ, ನೋಡೋ ಇಲ್ಲಿ, ಒಥೋ ಕಣೋ! ಮೂರೇ ತಿಂಗಳು ಆಳಿದ ಚಕ್ರವರ್ತಿ, ರೋಮಿನಲ್ಲಿ ಅವನ ಮುಖ ಬೆಳ್ಳಿ ಬಂಗಾರದಲ್ಲಿ ಬಂತೇ ಹೊರತು ಕಂಚಿನಲ್ಲಿ ಬರಲೇ ಇಲ್ಲ, ಇದು ಸಂತೆಯ ಬೆಕ್ಕಿಗೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು, ಆದರೆ ಮೊದಲ ಕಂಚಿನ ಒಥೋನನ್ನು ಗುರುತಿಸಿದವನು ನಾನಾಗಬೇಕಿತ್ತಲ್ಲ, ನಾಣ್ಯಪರೀಕ್ಷೆ ಕಲಿತ ಇಪ್ಪತ್ತಾರರ ಕೊಬ್ಬು, ಅಂಚು ನೋಡಲೇ ಇಲ್ಲ, ಚೀಟಿಯಲ್ಲಿ ಅಸಲಿ ಎಂದು ಬರೆದು ಸಹಿ ಗೀಚಿದೆ — ಹತ್ತು ವರ್ಷದ ಮೇಲೆ ಗೆರೆ ಬೆರಳಿಗೆ ಸಿಕ್ಕಿತು, ಆಮೇಲೆ ಹೇಳೋಣ, ಈಸ್ಟರ್ ಕಳೆಯಲಿ, ಅವನ ಮಗಳ ಮದುವೆ ಮುಗಿಯಲಿ, ಹೀಗೇ ದಿನ ದೂಡಿದೆ.

ಈಗ ಅವನು ಹಾಸಿಗೆ ಹಿಡಿದಿದ್ದಾನೆ, ಔಷಧಿ ಕೂದಲನ್ನೆಲ್ಲ ತಿಂದಿದೆ, ಉಣ್ಣೆಯ ಟೋಪಿ ಕಿತ್ತು ನಗುತ್ತಾನೆ, ಏನೋ ಪಂಡಿತ, ಅದನ್ನ ನುಂಗಿಬಿಡ್ತೀಯಾ ಹೇಗೆ, ನಾಳೆ ಮ್ಯೂಸಿಯಮ್ಮಿನವ್ರು ಬಂದು ತಗೊಂಡು ಹೋಗ್ತಾರೆ, ಗಾಜಿನ ಪೆಟ್ಟಿಗೇಲಿ ಕೆಳಗೆ ನನ್ನ ಹೆಸ್ರು, ನಾನು ಹೋದ್ರೂ ಇವ್ನಿರ್ತಾನೆ ಬಿಡು, ಇವ್ನೂ ನನ್ಹಾಗೇ ಬೋಳ ಕಣೋ, ಈ ಗುಂಗುರೆಲ್ಲ ಬರೀ ಟೋಪನ್ನು! ಅವರು ಮೊದಲು ನೋಡುವುದೇ ಅಂಚನ್ನು, ನಾನು ಹೇಳದಿದ್ದರೆ ನಾಳೆ ಯಾರೋ ಹೇಳುತ್ತಾರೆ, ಇವನಿಗೆ ಉಳಿದಿರುವುದು ಇದೊಂದೇ, ಬಿಸಿತುಪ್ಪ, ನುಂಗಲಾರೆ ಉಗುಳಲಾರೆ, ಭಯವಾಗುತ್ತಿದೆ, ನಾಚಿಕೆಯಾಗುತ್ತಿದೆ — ಅವನ ಮಗಳು ಲೊರೆದಾನ ಪೆನ್ನು ಚಾಚುತ್ತಾಳೆ, ಹಳೇ ಚೀಟಿ ಮಾಸಿಹೋಗಿದೆ ಮಾಮ, ಇನ್ನೊಂದು ಬರ್ದುಕೊಡಿ, ನಿಮ್ಮ ಕೈಬರಹಾನೇ ಬೇಕಂತೆ ಅಪ್ಪಂಗೆ. ಬರಿಯೋ ಮುದುಕ, ಎನ್ನುತ್ತಾನೆ ಅವನು. ಒಥೋ ಎಂದು ಬರೆದೆ, ಅಲ್ಲಿಗೆ ಪೆನ್ನು ನಿಂತಿತು, ಮುಂದಿನ ಪದ ಅಸಲಿ, ಇಲ್ಲವೇ ಬಾಯಿ ತೆರೆಯಬೇಕು, ತೆರೆ, ಈಗಲೇ, ಎಡಗೈಯ ಹೆಬ್ಬೆರಳ ಕೆಳಗೆ ಗುಂಗುರು, ಎರಕದಲ್ಲಿ ಮೊನೆಗೆಟ್ಟು ನುಣ್ಣಗಾದ ಗುಂಗುರು, ದಿಂಬಿನ ಮೇಲೆ ಆ ಬೋಳು ತಲೆ, ನನ್ನತ್ತಲೇ ನೋಡುತ್ತ ನಗುತ್ತಿದೆ, ಬೆರಳ ಕೆಳಗೆ ಗುಂಗುರು, ಸಾಲು ಸಾಲು ಗುಂಗುರು —