ಒಂಬತ್ತನೇ ಬಿ ವಿಭಾಗದ ಪಾಠ ಪರೀಕ್ಷೆ

ಪರೀಕ್ಷೆಯ ಹಿಂದಿನ ದಿನ ಪದ್ಮಶ್ರೀ ಒಂಬತ್ತನೇ ತರಗತಿಯ ಬಿ ವಿಭಾಗದಲ್ಲಿ ಮೇಜಿನ ಮೇಲೆ ನೀರು ತುಂಬಿದ ಬಕೆಟ್ಟು ಇಟ್ಟುಕೊಂಡು ನಿಂತಿದ್ದಳು. ಪರೀಕ್ಷೆ ಮಕ್ಕಳದ್ದಲ್ಲ, ಅವಳದು. ಬಿ.ಎಡ್. ಓದುವವರು ಕೊನೆಗೆ ಹೊರಗಿನ ಪರೀಕ್ಷಕರ ಎದುರು ನಿಜವಾದ ತರಗತಿಯಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಅದರಲ್ಲಿ ಪಾಸಾಗದಿದ್ದರೆ ಅಷ್ಟು ದಿನ ಓದಿದ್ದು, ಚಾರ್ಟು ಬರೆದದ್ದು, ಹಲಸೂರಿನ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ತಿಂಗಳುಗಟ್ಟಲೆ ತರಬೇತಿಗೆಂದು ಬಂದು ಹೋದದ್ದು ಎಲ್ಲವೂ ನೀರಿಗೆ ಹಾಕಿದ ಹಾಗೆ.

ಹಾಗಾಗಿ ಇಂದು ತಾಲೀಮು. ತೇಲುವಿಕೆಯ ಪಾಠವನ್ನು ಮಕ್ಕಳಿಗೆ ಆಗಲೇ ಕಲಿಸಿ ಆಗಿತ್ತು. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕು, ಯಾರು ಮೊದಲು ತಪ್ಪು ಹೇಳಬೇಕು, ಆಮೇಲೆ ಯಾರು ತಿದ್ದಬೇಕು ಎಂಬುದನ್ನು ಶಾಲೆಯ ವಿಜ್ಞಾನ ಮೇಷ್ಟ್ರು ವೆಂಕಟಾಚಲ ಅವರೇ ಗೊತ್ತು ಮಾಡಿದ್ದರು. ಅವರು ಕಿಟಕಿಯ ಪಕ್ಕ ಕುಳಿತು ನೋಡುತ್ತಿದ್ದರು. ಪದ್ಮಶ್ರೀಗೆ ಮಾರ್ಗದರ್ಶಕರು ಅವರು. ವರ್ಷವರ್ಷವೂ ಇಂಥ ತರಬೇತಿಯವರನ್ನು ದಡ ಸೇರಿಸಿ ಪಳಗಿದವರು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಮುಂದಿನ ಬೆಂಚಿನ ಜಹನಾರಾ ಕೈ ಎತ್ತಿದಳು. ಅವಳು ಕೈ ಎತ್ತಬೇಕಾದ ಜಾಗ ಅದಾಗಿರಲಿಲ್ಲ.

"ಮಿಸ್, ಇದೆಲ್ಲ ನಮಗೆ ಗೊತ್ತಲ್ಲ. ಗೊತ್ತಿಲ್ದೇ ಇರೋ ಥರ ಯಾಕೆ ಮಾಡ್ಬೇಕು?"

ತರಗತಿ ಕಿಸಕ್ಕೆಂದಿತು. ಪದ್ಮಶ್ರೀಯೂ ನಕ್ಕುಬಿಟ್ಟಳು. ಆದರೆ ಜಹನಾರಾ ಅಷ್ಟಕ್ಕೇ ಬಿಡಲಿಲ್ಲ. "ಇನ್ನೊಂದು, ಮಿಸ್. ಮನೇಲಿ ಮೂಸಂಬಿ ಹಾಕಿ ನೋಡ್ದೆ. ಸಿಪ್ಪೆ ಇದ್ರೆ ತೇಲುತ್ತೆ. ಸಿಪ್ಪೆ ತೆಗೆದ್ರೆ ಮುಳುಗುತ್ತೆ. ಸಿಪ್ಪೆ ತೆಗೆದ್ರೆ ಭಾರ ಕಮ್ಮಿ ಆಗ್ಬೇಕಲ್ವಾ?"

ಉತ್ತರ ಪದ್ಮಶ್ರೀಗೆ ಗೊತ್ತಿತ್ತು ಎಂದರೆ ಗೊತ್ತಿತ್ತು. ಆ ಗಳಿಗೆಯಲ್ಲಿ ನಾಲಿಗೆಗೆ ಬರಲಿಲ್ಲ. "ಆಮೇಲೆ ನೋಡೋಣ, ಕೂತ್ಕೋ" ಎಂದಳು.

ಗಂಟೆ ಹೊಡೆದ ಮೇಲೆ ವೆಂಕಟಾಚಲ ಅವರು ಅವಳನ್ನು ಕಾರಿಡಾರಿಗೆ ಕರೆದರು.

"ಆ ಹುಡುಗಿ ನಾಳೆ ಬೇಡ ರೀ."

"ಅವಳು ಚೆನ್ನಾಗಿ ಓದ್ತಾಳೆ, ಸರ್."

"ಓದ್ತಾಳೆ, ಯಾರು ಇಲ್ಲ ಅಂದ್ರು? ನಾಳೆ ಪರೀಕ್ಷಕರ ಮುಂದೆ 'ಮೇಡಂ, ಇದು ನಿನ್ನೆನೇ ಆಗಿದೆ' ಅಂತಾಳೆ. ಆಗೇನ್ಮಾಡ್ತೀರಾ? ನಿಮ್ದು ಮೊದ್ಲೇ ಒಂದು ವರ್ಷ ಹೋಗಿದೆ."

ಹೋಗಿದ್ದು ನಿಜ. ಪದ್ಮಶ್ರೀ ಕೆ.ಆರ್. ಪುರದಾಚೆಯ ಹಳೇ ಊರಿನ ಮನೆತನಕ್ಕೆ ಸೊಸೆಯಾಗಿ ಬಂದವಳು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ನಿಂತಿದ್ದವು. ಗಂಡ ಸುನಿಲನ ನೀರಿನ ಟ್ಯಾಂಕರುಗಳು ಓಡುತ್ತಿದ್ದವು. ಬಾಡಿಗೆ ಮನೆಗಳ ಮಕ್ಕಳನ್ನು ತಾರಸಿಯಲ್ಲಿ ಕೂರಿಸಿ ಪಾಠ ಹೇಳುತ್ತಾ ಹೇಳುತ್ತಾ ಅವಳಿಗೆ ತನ್ನ ಕೆಲಸ ಯಾವುದೆಂದು ತಿಳಿದುಹೋಗಿತ್ತು. ಕಲ್ಯಾಣ ನಗರದ ಒಂದು ಖಾಸಗಿ ಶಾಲೆ ಕೆಲವು ವರ್ಷ ಅವಳಿಂದ ವಿಜ್ಞಾನ ಹೇಳಿಸಿಕೊಂಡು, ತಪಾಸಣೆ ಬಿಗಿಯಾದಾಗ, "ಬಿ.ಎಡ್. ಇಲ್ಲದೆ ಹೈಸ್ಕೂಲಿಗೆ ಇಟ್ಕೊಳ್ಳೋಕಾಗಲ್ಲ, ಮುಗಿಸ್ಕೊಂಡು ಬನ್ನಿ" ಎಂದಿತ್ತು. ಬಿ.ಎಡ್.ಗೆ ಸೇರಿದ ವರ್ಷವೇ ಮಾವ ಹಾಸಿಗೆ ಹಿಡಿದರು. ಹಾಜರಿ ಸಾಲದೆ ಕಾಲೇಜು ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. "ಬಾಡ್ಗೆ ಬರ್ತೈತೆ, ಉಣ್ಣಾಕೈತೆ. ಈ ವಯಸ್ನಾಗೆ ನಿಂಗ್ಯಾಕವ್ವ ಇಸ್ಕೂಲು?" ಎಂದು ಅತ್ತೆ ಚಿಕ್ಕಮುನಿಯಮ್ಮ ಅಂದಿನಿಂದ ಕೇಳುತ್ತಲೇ ಇದ್ದರು. ಬೈಗುಳವಲ್ಲ ಅದು, ನಿಜವಾದ ಅಚ್ಚರಿ. ಇನ್ನೊಂದು ವರ್ಷ ಹಾಳಾದರೆ ಆ ಪ್ರಶ್ನೆಗೆ ತನ್ನ ಬಳಿಯೂ ಉತ್ತರ ಉಳಿಯುವುದಿಲ್ಲ ಎಂದು ಪದ್ಮಶ್ರೀಗೆ ಗೊತ್ತಿತ್ತು.

ಸಂಜೆ ಶಾಲೆ ಬಿಟ್ಟಾಗ ಅವಳೇ ಜಹನಾರಾಳನ್ನು ಗೇಟಿನ ಹತ್ತಿರ ನಿಲ್ಲಿಸಿದಳು. ವೆಂಕಟಾಚಲ ಅವರಿಗೆ ಬಿಟ್ಟಿದ್ದರೆ ಅವರು ಹೇಳುತ್ತಿದ್ದರು. ಆದರೆ ಅವರ ಬಾಯಲ್ಲಿ ಒರಟಾಗಿ ಬಂದೀತೆಂದು ತಾನೇ ಹೇಳಲು ಹೋದಳು.

"ನಾಳೆ ನೀನು ಬರ್ಬೇಡ, ಜಹನಾರಾ. ಒಂದೇ ದಿನ."

ಹುಡುಗಿ ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ಅವಳ ಕೈ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

"ನಾನು ಮಾತಾಡಲ್ಲ, ಮಿಸ್. ಹಿಂದಿನ ಬೆಂಚಲ್ಲಿ ಕೂರ್ತೀನಿ."

"ಬೇಡ ಪುಟ್ಟ. ನಾಡಿದ್ದು ಬಾ."

"ಆಯ್ತು, ಮಿಸ್" ಎಂದಳು ಜಹನಾರಾ. ಅಷ್ಟು ಬೇಗ ಅವಳು ಯಾವುದಕ್ಕೂ ಒಪ್ಪಿದ್ದನ್ನು ಪದ್ಮಶ್ರೀ ನೋಡಿರಲಿಲ್ಲ.

ಮರುದಿನ ಪಾಠ ಎಣ್ಣೆ ಹಾಕಿದ ಯಂತ್ರದಂತೆ ಓಡಿತು. ನಿಂಬೆಹಣ್ಣು ತೇಲಿತು, ಕಲ್ಲು ಮುಳುಗಿತು, ಉಪ್ಪು ಬೆರೆಸಿದಾಗ ಮೊಟ್ಟೆ ಮೇಲಕ್ಕೆ ಬಂತು. ತಪ್ಪು ಹೇಳಬೇಕಾದವನು ತಪ್ಪು ಹೇಳಿದ, ತಿದ್ದಬೇಕಾದವಳು ತಿದ್ದಿದಳು. ಪರೀಕ್ಷಕಿ ಸುಕನ್ಯ ಮೇಡಂ ಬೇರೆ ಕಾಲೇಜಿನವರು, ಮಿತಭಾಷಿ; ಹಿಂದೆ ಕುಳಿತು ಏನೋ ಬರೆದುಕೊಳ್ಳುತ್ತಿದ್ದರು. ಪಾಠ ಮುಗಿದಾಗ ಎದ್ದು ಮುಂದೆ ಬಂದು, ತುಂಬಿದ ಬೆಂಚುಗಳ ನಡುವೆ ಖಾಲಿ ಇದ್ದ ಒಂದು ಜಾಗವನ್ನು ನೋಡಿ ಮಕ್ಕಳನ್ನೇ ಕೇಳಿದರು: "ಇಲ್ಲಿ ಯಾರು ಕೂರೋದು?"

"ಜಹನಾರಾ, ಮೇಡಂ" ಎಂದಳು ಎದ್ದು ನಿಂತ ಪಕ್ಕದವಳು. ಸಂಹಿತಾ ಎಂದು ಅವಳ ಹೆಸರು, ಜಹನಾರಾಳ ಜೀವದ ಗೆಳತಿ. ಯಾರೂ ಮುಂದಕ್ಕೆ ಕೇಳದಿದ್ದರೂ ಅವಳು ಸೇರಿಸಿದಳು: "ಮಿಸ್ಸೇ ಬರ್ಬೇಡ ಅಂದ್ರು."

ವೆಂಕಟಾಚಲ ಅವರು ಗಂಟಲು ಸರಿಪಡಿಸಿಕೊಂಡರು. ಸುಕನ್ಯ ಮೇಡಂ ಪದ್ಮಶ್ರೀಯ ಕಡೆ ತಿರುಗಿ, "ಹೌದಾ?" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರಶ್ನೆ.

"ಇಲ್ಲ, ಮೇಡಂ. ಅವಳಿಗೆ ನಿನ್ನೆ ಹುಷಾರಿರ್ಲಿಲ್ಲ. ಅದಕ್ಕೆ ಮನೇಲೇ ಇರು ಅಂದಿದ್ದೆ."

ಮಾತು ತಾನಾಗಿಯೇ ಬಂದುಬಿಟ್ಟಿತ್ತು. ಇಡೀ ತರಗತಿ ಅವಳನ್ನೇ ನೋಡುತ್ತಿತ್ತು. ಯಾರೂ ಕಿಸಕ್ಕೆನ್ನಲಿಲ್ಲ. ಸಂಹಿತಾ ಮೆಲ್ಲಗೆ ಕುಳಿತುಕೊಂಡು ಪುಸ್ತಕ ಮುಚ್ಚಿದಳು. ಸುಕನ್ಯ ಮೇಡಂ ತಲೆಯಾಡಿಸಿ, "ಪಾಠ ಚೆನ್ನಾಗಿ ಬಂತು" ಎಂದು ಹೊರಟರು.

ತರಬೇತಿ ಮುಗಿಯಲು ಇನ್ನೂ ಕೆಲವು ವಾರಗಳಿದ್ದವು. ಆ ವಾರಗಳೇ ಅವಳಿಗೆ ಭಾರವಾದವು. ತರಗತಿ ಕೆಟ್ಟಿರಲಿಲ್ಲ, ಕೆಟ್ಟಿದ್ದರೆ ಚೆನ್ನಾಗಿತ್ತು. ಬಿ ವಿಭಾಗ ಈಗ ವಿಧೇಯವಾಗಿತ್ತು. ಅವಳು ಪ್ರಶ್ನೆ ಕೇಳಿದರೆ ಕೈಗಳು ಏಳುತ್ತಿದ್ದವು, ಉತ್ತರ ಪುಸ್ತಕದಲ್ಲಿದ್ದ ಹಾಗೆಯೇ ಬರುತ್ತಿತ್ತು. ಮನೆಕೆಲಸ ಮಾಡದೆ ಬಂದ ಒಬ್ಬಳು, "ಹುಷಾರಿರ್ಲಿಲ್ಲ, ಮಿಸ್" ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದಾಗ ಪದ್ಮಶ್ರೀ ಬೈಯದೆ ಅವಳನ್ನು ಕೂರಿಸಿದಳು.

ಜಹನಾರಾ ಹೇಳಿದ ದಿನಕ್ಕೆ ಸರಿಯಾಗಿ ಬಂದಳು. ಅದೇ ಬೆಂಚು, ಅದೇ ಎರಡು ಜಡೆ. ಪದ್ಮಶ್ರೀ ಆವತ್ತೇ ಮೂಸಂಬಿಯ ವಿಷಯ ತೆಗೆದಳು. ಸಿಪ್ಪೆಯೊಳಗಿನ ಬಿಳಿಯ ತಿರುಳಲ್ಲಿ ಗಾಳಿ ತುಂಬಿರುತ್ತದೆ, ಅದು ಹಣ್ಣನ್ನು ಎತ್ತಿಹಿಡಿಯುತ್ತದೆ, ಭಾರ ಕಡಿಮೆಯಾದರೂ ಆ ಗಾಳಿ ಹೋದ ಮೇಲೆ ಹಣ್ಣು ಮುಳುಗಲೇಬೇಕು ಎಂದು ಚಿತ್ರ ಬರೆದು ವಿವರಿಸಿದಳು. ಜಹನಾರಾ ತಲೆ ಎತ್ತದೆ ಎಲ್ಲವನ್ನೂ ಬರೆದುಕೊಂಡಳು. "ತಿಳೀತಾ?" ಎಂದು ಕೇಳಿದರೆ, "ತಿಳೀತು, ಮಿಸ್" ಎಂದಳು. ಅಷ್ಟೇ.

ತಡೆಯಲಾಗದೆ ಒಂದು ಸಂಜೆ ಪದ್ಮಶ್ರೀ ಜೋಗುಪಾಳ್ಯದ ಅವರ ಮನೆಗೆ ಹೋದಳು. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕಬ್ಬಿಣದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಜಹನಾರಾಳ ತಂದೆ ತೌಹೀದ್ ಶಿವಾಜಿನಗರದಲ್ಲಿ ಗಾಡಿಗಳ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದ. ಆಗ ತಾನೆ ಬಂದು ಕೈಕಾಲು ತೊಳೆಯುತ್ತಿದ್ದವನು ಟೀಚರು ಎಂದು ತಿಳಿದದ್ದೇ ಗಾಬರಿಯಿಂದ ಕುರ್ಚಿ ಎಳೆದು, ಟವಲಿನಿಂದ ಒರೆಸಿ, ಒಳಗೆ ಚಹಾಕ್ಕೆ ಕೂಗಿ ಹೇಳಿದ.

"ನಮ್ಮ ಮನೆಗೆ ಯಾವ ಟೀಚರ್ರೂ ಬಂದಿರ್ಲಿಲ್ಲ, ಮೇಡಂ. ಮಗಳು ನಿಮ್ಮ ಬಗ್ಗೆ ತುಂಬಾ ಹೇಳ್ತಿರ್ತಾಳೆ."

ಬಾಗಿಲಲ್ಲಿ ನಿಂತಿದ್ದ ಜಹನಾರಾ ಬೇಡ ಎಂಬಂತೆ ತಲೆಯಾಡಿಸಿದಳು. ಪದ್ಮಶ್ರೀಗೆ ಅದು ಅರ್ಥವಾಗಲಿಲ್ಲ. ತೌಹೀದ್ ಮಾತು ಮುಂದುವರಿಸಿದ: "ಅಲ್ಲಾ, ಆವತ್ತು ರಜೆ ಯಾಕೆ ಕೊಟ್ಟಿದ್ರಿ? ಪಕ್ಕದ ಮನೆ ಮಕ್ಕಳೆಲ್ಲ ಸ್ಕೂಲಿಗೆ ಹೋದ್ರು, ಇವಳು ನಮ್ಮ ಕ್ಲಾಸಿಗೆ ಮಾತ್ರ ರಜೆ ಅಂದ್ಲು."

ಪದ್ಮಶ್ರೀ ಚಹಾದ ಲೋಟವನ್ನು ಕೆಳಗಿಟ್ಟಳು. ಹುಡುಗಿ ತನ್ನನ್ನು ಮನೆಯವರೆದುರು ಬಿಟ್ಟುಕೊಟ್ಟಿರಲಿಲ್ಲ. ಪರೀಕ್ಷಕರ ಮುಂದೆ ತಾನು ಹೇಳಿದ ಸುಳ್ಳು ನೆನಪಾಯಿತು. ಹೇಳಿಬಿಡಬೇಕು, ಇಲ್ಲೇ ಈಗಲೇ ಎನಿಸಿತು. ರಜೆ ಇರಲಿಲ್ಲ, ನನ್ನ ಪರೀಕ್ಷೆ ಇತ್ತು, ಇವಳು ಪ್ರಶ್ನೆ ಕೇಳುತ್ತಾಳೆಂದು ನಾನೇ ಬರಬೇಡ ಎಂದೆ, ತಪ್ಪು ನನ್ನದು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ತೌಹೀದ್ ಟವಲನ್ನು ಹೆಗಲಿಗೆ ಹಾಕಿಕೊಂಡ. ಅವನು ತಿರುಗಿದ್ದು ಮಗಳ ಕಡೆಗೆ.

"ನೋಡಿದ್ಯಾ? ನಾನು ಹೇಳ್ಲಿಲ್ವಾ, ನಿನ್ನ ಬಾಯಿಂದ ಒಂದಿನ ಮರ್ಯಾದೆ ಹೋಗುತ್ತೆ ಅಂತ? ಅದರ ಮೇಲೆ ಮನೇಲಿ ಸುಳ್ಳು ಬೇರೆ!"

"ಅವಳ ತಪ್ಪಿಲ್ಲ, ನಂದೇ..." ಎಂದಳು ಪದ್ಮಶ್ರೀ.

"ನೀವು ದೊಡ್ಡವರು ಮೇಡಂ, ಹಂಗೇ ಹೇಳ್ತೀರಾ. ಮನೇಲೂ ಇವಳದು ಇದೇ. ಅದ್ಯಾಕೆ, ಇದ್ಯಾಕೆ. ಹೆಣ್ಣುಮಗಳು, ನಾಳೆ ಎಲ್ಲಿ ಬಾಳ್ತಾಳೆ? ಇನ್ನು ಮೇಲೆ ನಿಮಗೆ ತೊಂದ್ರೆ ಕೊಡಲ್ಲ. ನಾನು ಹೇಳ್ತೀನಿ ಅವಳಿಗೆ." ಅವನು ಕೈ ಮುಗಿದ. ಟೀಚರು ತಪ್ಪು ಮಾಡಬಹುದೆಂಬ ಮಾತನ್ನು ಆ ಮನೆಯೊಳಗೆ ತರಲು ಅವಳಿಂದ ಆಗಲಿಲ್ಲ.

ಜಹನಾರಾ ಮೆಟ್ಟಿಲ ತನಕ ಬೀಳ್ಕೊಡಲು ಬಂದಳು. ಕೆಳಗಿನ ಗಿರಣಿಯ ಸದ್ದಿಗೆ ಅವಳ ಮಾತು ಅರ್ಧ ಮುಳುಗಿತು.

"ಯಾಕೆ ಹೇಳಿದ್ರಿ, ಮಿಸ್?"

"ನಿಜ ಹೇಳ್ಬೇಕಿತ್ತಲ್ಲ, ಜಹನಾರಾ."

"ನಿಜ ಹೇಳ್ಬೇಕಿದ್ದದ್ದು ಆ ಮೇಡಂಗೆ. ನಮ್ಮಪ್ಪಂಗಲ್ಲ."

ಹೇಳಿ ಅವಳು ಒಳಗೆ ಹೋದಳು. ಪದ್ಮಶ್ರೀ ಮೆಟ್ಟಿಲ ಕಂಬಿ ಹಿಡಿದು, ಕೈಗೆ ಹತ್ತಿದ ಹಿಟ್ಟಿನ ಧೂಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೆಳಗಿಳಿದಳು.

ಮರುದಿನ ವೆಂಕಟಾಚಲ ಅವರಿಗೆ ಹೇಳಿದಳು: "ಸರ್, ಸುಕನ್ಯ ಮೇಡಂ ಹತ್ರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡ್ತೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೇಳಿ. ನಿಮ್ಮ ಪರೀಕ್ಷೆ ರದ್ದಾಗುತ್ತೆ, ಆಗ್ಲಿ. ನನ್ನನ್ನೂ ಕರೆಸ್ತಾರೆ, ಕರೆಸ್ಲಿ. ಆ ಹುಡುಗೀನೂ ಕರೆಸಿ ಕೂರಿಸ್ಕೊಂಡು ಕೇಳ್ತಾರೆ, ಅವರಪ್ಪನ್ನೂ ಕರೆಸ್ತಾರೆ. ಅದನ್ನ ಯೋಚನೆ ಮಾಡಿದ್ದೀರಾ?" ಆಮೇಲೆ ದನಿ ತಗ್ಗಿಸಿ, "ಶುರುವಿನಲ್ಲಿ ನಂಗೂ ಹಿಂಗೇ ಆಗಿತ್ತು ರೀ" ಎಂದರು. ಏನಾಗಿತ್ತೆಂದು ಹೇಳಲಿಲ್ಲ.

ಅವರು ಹೇಳಿದ್ದು ನೆಪವೂ ಹೌದು, ನಿಜವೂ ಹೌದು. ಎರಡನ್ನೂ ಬೇರೆ ಮಾಡಲಾಗದೆ ಪದ್ಮಶ್ರೀ ದಿನ ತಳ್ಳಿದಳು. ಹಾಗೆ ತಳ್ಳುತ್ತಾ ತಳ್ಳುತ್ತಾ ತರಬೇತಿ ಮುಗಿಯಿತು. ಫಲಿತಾಂಶವೂ ಬಂತು. ಪಾಠ ಪರೀಕ್ಷೆಯಲ್ಲಿ ಅವಳಿಗೆ ಕಾಲೇಜಿಗೇ ಹೆಚ್ಚು ಅಂಕ. ಸುನಿಲ್ ಮನೆಮಂದಿಗೆಲ್ಲ ಜಾಮೂನು ತಂದ. ಚಿಕ್ಕಮುನಿಯಮ್ಮ ಬಾಡಿಗೆಯವರ ಮನೆಮನೆಗೂ ಹೋಗಿ, "ನಮ್ ಸೊಸೆ ಮೇಡಮ್ಮಾಗವ್ಳೆ" ಎಂದು ಹೇಳಿ ಬಂದರು. ಆ ರಾತ್ರಿ ಊಟದ ಮುಂದೆ ಕುಳಿತ ಪದ್ಮಶ್ರೀ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು; ಸಂತೋಷಕ್ಕೆ ಹಸಿವಾಗಿಲ್ಲ ಎಂದುಕೊಂಡರು ಮನೆಯವರು.

ಕಲ್ಯಾಣ ನಗರದ ಶಾಲೆ ಜೂನಿನಲ್ಲಿ ಅವಳನ್ನು ಹೈಸ್ಕೂಲಿಗೆ ತೆಗೆದುಕೊಂಡಿತು. ಕೆಲಸ ಹಿಡಿಸಿತು. ಆದರೂ ಯಾವುದಾದರೂ ಮಗು ಮಾತಿನ ನಡುವೆ ಕೈ ಎತ್ತಿದರೆ ಅವಳಿಗೆ ಜಹನಾರಾ ನೆನಪಾಗುತ್ತಿದ್ದಳು. ಒಂದು ದಿನ ವೆಂಕಟಾಚಲ ಅವರಿಗೆ ಫೋನು ಮಾಡಿ ಅದೂ ಇದೂ ಮಾತಾಡಿ ಕೊನೆಗೆ ಜಹನಾರಾ ಹೇಗಿದ್ದಾಳೆ ಎಂದು ಕೇಳಿದಳು.

"ಅವಳಾ? ಹತ್ತನೇ ಕ್ಲಾಸು ಈಗ. ತುಂಬಾ ಒಳ್ಳೆ ಹುಡುಗಿ ಆಗಿದ್ದಾಳೆ ರೀ. ಬಾಯೇ ಬಿಡಲ್ಲ."

ಫೋನು ಇಟ್ಟ ಮೇಲೆ ಆ ಮಾತು ಅವಳ ಕಿವಿಯಿಂದ ಹೋಗಲಿಲ್ಲ. ಮರುದಿನವೇ ಮತ್ತೆ ಫೋನು ಮಾಡಿ, ತಮ್ಮ ಶಾಲೆಗೆ ಶನಿವಾರ ರಜೆ, ಹತ್ತನೆಯವರಿಗೆ ಬಂದು ವಿಜ್ಞಾನ ಹೇಳಲೇ ಎಂದು ಕೇಳಿದಳು. ಹಲಸೂರಿನ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಬೇಡ ಎನ್ನಲು ಕಾರಣವಿರಲಿಲ್ಲ.

ಮೊದಲ ಶನಿವಾರ ಪಾಠ ಶುರು ಮಾಡುವ ಮುಂಚೆಯೇ ಅವಳು ಹೇಳಿದಳು: "ಹೋದ ವರ್ಷ ಪರೀಕ್ಷಕರ ಮುಂದೆ ನಾನು ಹೇಳಿದ್ದು ಸುಳ್ಳು. ಸಂಹಿತಾ ಹೇಳಿದ್ದೇ ನಿಜ." ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಹಿತಾಳ ಕಿವಿ ಕೆಂಪಾಯಿತು. ಜಹನಾರಾ ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಇದ್ದಳು. ಪಾಠ ನಡೆಯಿತು. ಮುಂದಿನ ಶನಿವಾರಗಳೂ ಹಾಗೆಯೇ ಕಳೆದವು. ಜಹನಾರಾ ತಪ್ಪದೆ ಬರುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು, ಹೋಗುತ್ತಿದ್ದಳು.

ಮಳೆ ಹಿಡಿದುಕೊಂಡಿದ್ದ ಒಂದು ಶನಿವಾರ ಪದ್ಮಶ್ರೀ ಮಸೂರದ ಕಿರಣಚಿತ್ರ ಬರೆಯುತ್ತಿದ್ದಳು. ಹಿಂದಿನಿಂದ ಗುಸುಗುಸು ಕೇಳಿಸಿತು. ತಿರುಗಿದರೆ ಸಂಹಿತಾ ಎದ್ದು ನಿಂತಿದ್ದಳು.

"ಮಿಸ್, ಕೆಳಗಿನ ಬಾಣ ಉಲ್ಟಾ ಇದೆಯಂತೆ. ಜಹನಾರಾ ಹೇಳ್ತಿದ್ದಾಳೆ."

ಜಹನಾರಾ ಅವಳ ಲಂಗ ಹಿಡಿದು ಜಗ್ಗಿದಳು.

ಪದ್ಮಶ್ರೀ ಬೋರ್ಡು ನೋಡಿದಳು. ಬಾಣ ಉಲ್ಟಾ ಇತ್ತು. "ಹೌದು, ತಪ್ಪಾಗಿದೆ" ಎಂದು ಅಳಿಸಿ ಸರಿಯಾಗಿ ಬರೆದಳು. ಹೊಗಳಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಕರೆದರೆ ಎಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಾಳೋ ಎಂಬ ಭಯ. "ಇನ್ನೇನಾದ್ರೂ ತಪ್ಪಿದ್ಯಾ?" ಎಂದು ಇಡೀ ತರಗತಿಯನ್ನು ಕೇಳಿ, ಸೀಮೆಸುಣ್ಣ ಹಿಡಿದುಕೊಂಡೇ ಕಾದಳು.

ಜಹನಾರಾ ಅವಳ ಮುಖ ನೋಡಲಿಲ್ಲ. ಬೋರ್ಡನ್ನೇ, ಗೆರೆ ಗೆರೆಯಾಗಿ, ಮೇಲಿಂದ ಕೆಳಕ್ಕೆ ನೋಡುತ್ತಿದ್ದಳು.