ಚಂದ್ರಲೋಕದಲ್ಲಿ ಗೌರಕ್ಕ

"ಗೌರಕ್ಕಗೆ ಹದಿನಾರು ವರ್ಷನಾ? ಕುಣಿತಾಳಾ?" ಹುಲಿಗೆಮ್ಮ ಕೈಯಲ್ಲಿದ್ದ ಹತ್ತಿಕಾಯನ್ನು ಬುಟ್ಟಿಗೆ ಎಸೆದಳು. "ಏನಪ್ಪ ಜಂಪಣ್ಣ, ಅಡುಗೆ ಮಾಡೋ ಮುದುಕಿ ಆಯಮ್ಮ, ಮೊಣಕಾಲು ನೋವು ಐತೆ. ಹಡಗಿನ ಏಣಿ ಹತ್ತಾಕೆ ಅರ್ಧ ದಿನ ತಗಂಡಾಳೆ. ನಿನ್ ತಲಿ ನೆಟ್ಟಗೈತೋ ಇಲ್ಲೋ?"

ಬಯಲಾಟದ ಮೇಷ್ಟ್ರು ಜಂಪಣ್ಣ ಚಂದ್ರಲೋಕದ ಕಥೆಯನ್ನು ಆಟ ಮಾಡಿ ತಾನು ಬರೆದ ಪದಗಳ ಹಾಳೆಗಳನ್ನು ಎದೆಗವಚಿಕೊಂಡ. "ಮುದ್ದಣ್ಣ ಹೆಣ್ಣು ವೇಷ ಕಟ್ಟಿದ್ರೆ ಶ್ರೀರಾಂಪುರದಿಂದ ಗಾಡಿ ಕಟ್ಟಿಕೊಂಡು ಬರ್ತಾರೆ ಕಣವ್ವ. ಅವನ ಕೈಗೆ ಸೌಟು ಕೊಟ್ಟು ಮೂಲೇಲಿ ಕುಂದ್ರಸಾಕಾಗ್ತೈತಾ?"

"ಹಡಗಿಗೆ ರೆಕ್ಕೆ ಕಟ್ಟಿದ್ರಿ, ಸುಮ್ನಿದ್ವಿ," ಎಂದಳು ಹಾಸಿಗೆ ಹೊಲಿಯುವ ಮನೆಯ ಪ್ಯಾರಿ ಬೀ. "ಚಂದ್ರಲೋಕದ ರಾಜಗೆ ಮೀಸೆ ಅಂಟಿಸಿದ್ರಿ. ಅಲ್ಲಿ ಯಾರಿಗೂ ಕೂದಲೇ ಇಲ್ಲ ಅಂತ ಪುಸ್ತಕದಾಗೆ ಐತೆ. ಅದಕ್ಕೂ ಸುಮ್ನಿದ್ವಿ. ಗೌರಕ್ಕನ್ನ ಮಾತ್ರ ಮುಟ್ಟಬ್ಯಾಡ್ರಿ ಜಂಪಣ್ಣೋರೆ."

ಮತ್ತೋಡಿನ ಆ ಪಡಸಾಲೆಯಲ್ಲಿ ಕೂತ ಹೆಂಗಸರ ಪೈಕಿ ಹೊಸದುರ್ಗ ರೋಡ್ ಸ್ಟೇಷನ್ನಿನವರೆಗೆ ಹೋಗಿ ರೈಲು ನೋಡಿ ಬಂದವಳು ಪ್ಯಾರಿ ಬೀ ಒಬ್ಬಳೇ. ಆದರೆ ಚಂದ್ರಲೋಕಕ್ಕೆ ಹಾರಿದ ಉಕ್ಕಿನ ಹಡಗಿನಲ್ಲಿ ಎಷ್ಟು ಕೋಣೆ, ಯಾವ ತಿರುಪು ತಿರುಗಿಸಿದರೆ ಮೇಲೇರುತ್ತದೆ, ಒಲೆ ಎಲ್ಲಿದೆ ಎಂಬುದು ಎಲ್ಲರಿಗೂ ಬಾಯಿಪಾಠ. ಅತ್ತೆಯ ತವರಿನ ಹಾದಿ ಮರೆತವರೂ ಹಡಗಿನ ಹಾದಿ ಮರೆತಿರಲಿಲ್ಲ.

ಇದೆಲ್ಲ ಸರ್ವಮಂಗಳೆಯ ಓದಿನಿಂದ ಬಂದದ್ದು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಈ ಮನೆಗೆ ಬಂದು ಸೇರಿದ್ದಳು. ಮದುವೆ, ಸೀಮಂತಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಎದುರಿಗೆ ಬಂದವರು ದಾರಿ ಬದಲಿಸುತ್ತಿದ್ದರು. ಅಪ್ಪ ಕಲಿಸಿದ ನಾಲ್ಕಕ್ಷರವೊಂದೇ ಅವಳ ಆಸ್ತಿ. ಅಣ್ಣ ತರಿಸುತ್ತಿದ್ದ ಮಾಸಪತ್ರಿಕೆಯ ಚಂದ್ರಲೋಕದ ಕಥೆಯನ್ನು ಒಂದು ಮಧ್ಯಾಹ್ನ ಪಕ್ಕದ ಮನೆಯವರಿಗೆ ಓದಿ ಹೇಳಿದಳು. ಮರುದಿನ ಐದು ಜನ ಹತ್ತಿಬುಟ್ಟಿ ತಂದು ಕೂತರು. ತಿಂಗಳೊಳಗೆ ಪಡಸಾಲೆ ತುಂಬಿತು.

ನಾಲ್ಕು ಸಂಚಿಕೆಯಾದ ಮೇಲೆ ಅಣ್ಣ ಪತ್ರಿಕೆ ತರಿಸುವುದನ್ನು ಬಿಟ್ಟ. ಹೆಂಗಸರು ಎಂದಿನಂತೆ ಬುಟ್ಟಿ ಹಿಡಿದು ಬಂದರು. ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಹಳೆಯ ಸಂಚಿಕೆಯನ್ನೇ ಕಣ್ಣಮುಂದೆ ಹಿಡಿದು ಮುಂದಿನ ಕಥೆಯನ್ನು ಓದಿದಳು, ಅಂದರೆ ಕಟ್ಟಿದಳು. ಅದೊಂದೇ ದಿನಕ್ಕೆ ಎಂದುಕೊಂಡಿದ್ದಳು. ಎರಡು ಸುಗ್ಗಿ ಕಳೆದವು. ಕಥೆ ಮುಗಿದರೆ ಪಡಸಾಲೆ ಬರಿದಾಗುತ್ತದೆಂದು ಅಡುಗೆಯ ಗೌರಕ್ಕನನ್ನು ಎಂಟು ತಿಂಗಳಿಂದ ಚಂದ್ರಲೋಕದಲ್ಲೇ ಬಿಟ್ಟಿದ್ದಳು. ನಿಜ ಗೊತ್ತಾದರಂತೂ ತನ್ನ ಕಡೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಹೆದರಿದ್ದಳು.

"ನೀವು ಹಿಂಗೇ ಜಗಳ ತೆಗೀತೀರಂತ ಗೊತ್ತಿತ್ತು. ಅದ್ಕೇ ದುರ್ಗಕ್ಕೆ ಹೋಗಿದ್ದೆ," ಎಂದು ಜಂಪಣ್ಣ ಹೆಗಲ ಮೇಲಿನ ವಸ್ತ್ರದ ಗಂಟು ಬಿಚ್ಚಿದ. "ಅಲ್ಲೊಬ್ಬ ಮೇಷ್ಟ್ರ ತಾವ ಪೂರಾ ಕಥೆ ಸಿಕ್ತು. ಪುಸ್ತಕ ಮಾಡಿ ಅಚ್ಚು ಹಾಕ್ಯಾರೆ."

ಗೋಡೆಗೊರಗಿ ಕೂತಿದ್ದ ಸರ್ವಮಂಗಳೆ ನೆಟ್ಟಗಾದಳು. ಜಂಪಣ್ಣ ಐದನೆಯ ಅಧ್ಯಾಯ ತೆಗೆದು, ಪದ ಹೇಳುವ ದನಿಯಲ್ಲೇ ಓದಿದ: "'ಭಾರವು ಹೆಚ್ಚಾದುದರಿಂದ ಅಡಿಗೆಯ ಮುದುಕಿಯನ್ನು ಕೆಳಕ್ಕಿಳಿಸಿ, ಆ ವೀರರು ಗಗನಕ್ಕೆ ಏರಿದರು.'"

"ಆಮೇಲೆ?" ಎಂದಳು ಹುಲಿಗೆಮ್ಮ.

"ಆಮೇಲೆ ಆಯಮ್ಮನ ಸುದ್ದಿನೇ ಇಲ್ಲ. ಗೌರಕ್ಕ ಅನ್ನೋ ಹೆಸರೂ ಇಲ್ಲ. ಹುಡುಕಿ ಹುಡುಕಿ ಸಾಕಾತು."

ಎಲ್ಲರೂ ಒಟ್ಟಿಗೆ ಬಾಯಿ ತೆಗೆದರು.

"ಮುದುಕೀನ ಇಳಿಸಿದ್ರೆ ಹಡಗಿಗೆ ತೂತು ಬಿದ್ದಾಗ ರಾಗಿಮುದ್ದೆ ಮೆತ್ತಿದ್ಯಾರು?" ಪ್ಯಾರಿ ಬೀಯ ದನಿ ಎಲ್ಲರಿಗಿಂತ ಮೇಲಿತ್ತು. "ಇದು ಕಳ್ಳ ಪುಸ್ತಕ. ಯಾರೋ ನಮ್ ಕಥೆ ಕದ್ದು ಕೆಡಿಸ್ಯಾರೆ!"

ಸರ್ವಮಂಗಳೆಗೆ ಹೋದ ಜೀವ ಬಂದಂತಾಯಿತು. ಸುಮ್ಮನಿದ್ದರೆ ಸಾಕಿತ್ತು. ಆದರೆ ಜಂಪಣ್ಣ, ಪಾಪ, ಕಪಟವಿಲ್ಲದೆ ಕೈ ಚಾಚಿದ: "ಹಂಗಾರೆ ನಿಮ್ ಪುಸ್ತಕ ಕೊಡವ್ವ ಮಂಗಳವ್ವ. ಎಲ್ಡೂ ಪಕ್ಕದಾಗಿಟ್ಟು ನೋಡಾಣ."

ಹೆಂಗಸರೆಲ್ಲ ಅವಳತ್ತ ತಿರುಗಿದರು. ತಮ್ಮ ಕಡೆಯವಳು ಗೆಲ್ಲುತ್ತಾಳೆಂಬ ಹಮ್ಮು ಎಲ್ಲರ ಮುಖದಲ್ಲಿತ್ತು. ಆ ಮುಖಗಳೆದುರು ಇನ್ನೊಂದು ಸುಳ್ಳು ಹೇಳಲು ಅವಳಿಗಾಗಲಿಲ್ಲ.

"ನನ್ ತಾವ ಪುಸ್ತಕ ಇಲ್ಲ," ಎಂದಳು. "ನಾಕು ಸಂಚಿಕೆ ಅಷ್ಟೇ ಬಂದಿದ್ದು. ಐದರಿಂದ ಮುಂದಕ್ಕೆಲ್ಲ ನಾನೇ ಕಟ್ಟಿದ್ದು. ಗೌರಕ್ಕ ಅನ್ನೋ ಹೆಸರೂ ನಾನೇ ಇಟ್ಟಿದ್ದು."

ಹುಲಿಗೆಮ್ಮ ಮಡಿಲಿನ ಹತ್ತಿ ಕೊಡವಿ ಎದ್ದು ನಿಂತಳು.

"ಆಯಮ್ಮ ಸುಖವಾಗಿ ಇಳಿದು ಬರ್ಲಿ ಅಂತ ದ್ಯಾಮವ್ವಗೆ ಹರಕೆ ಹೊತ್ತೀನಿ ನಾನು. ಬರಾಗಂಟ ಹೋಳಿಗೆ ಮುಟ್ಟಾಕಿಲ್ಲ ಅಂದೀನಿ. ಯುಗಾದಿಗೆ ಮಕ್ಕಳೆಲ್ಲ ಉಂಡ್ರು, ನಾನು ಬರೀ ಅನ್ನ ಉಂಡು ಎದ್ದೆ. ಸುಳ್ಳಿಗಾ?"

ನಗಬೇಕಾದ ಮಾತಿಗೆ ಯಾರೂ ನಗಲಿಲ್ಲ. "ತಪ್ಪಾತು ಹುಲಿಗೆವ್ವ," ಎನ್ನುವಷ್ಟರಲ್ಲಿ ಸರ್ವಮಂಗಳೆಗೆ ಅಳು ಬಂತು. "ಕಥೆ ಇಲ್ಲ ಅಂದ್ರೆ ನೀವ್ಯಾರೂ ಬರಾಕಿಲ್ಲ ಅಂತ ಹೆದರಿಕೆ ಆತು."

ಹುಲಿಗೆಮ್ಮ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊಸಿಲವರೆಗೆ ಹೋದಳು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತಳು. ತಿರುಗಿ ನೋಡದೆ ಕೇಳಿದಳು.

"ಈಗ ಎಲ್ಲಿದಾಳೆ ಆಯಮ್ಮ?"

"ಅಲ್ಲೇ. ಬಿಳೀ ಬೆಟ್ಟದ ಮ್ಯಾಲೆ."

"ಒಬ್ಬಳೇನಾ?"

"ಒಬ್ಬಳೇ."

"ಹಡಗು ತಿರುಗ್ಸೋದು ನಿನ್ ಕೈಯಾಗೈತೇನು?"

ಸರ್ವಮಂಗಳೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಐತೆ."

"ಮತ್ತೆ ಯಾಕೆ ಸುಮ್ನೆ ಕುಂತಿ? ತಿರುಗ್ಸು." ಹುಲಿಗೆಮ್ಮ ಬಂದು ಮೊದಲು ಕೂತಿದ್ದಲ್ಲೇ ಕೂತಳು.

"ಇಳಿಸಿ, ಕಥೆ ಮುಗೀತು ಅನ್ನಬ್ಯಾಡ ಮತ್ತೆ," ಎಂದಳು ಪ್ಯಾರಿ ಬೀ. "ಅಷ್ಟು ದೂರ ಹೋಗಿಬಂದೋಳು ಊರಿಗೆ ಬಂದು ಸುಮ್ನೆ ಕುಂದ್ರಾಕಿಲ್ಲ."

ಜಂಪಣ್ಣ ತನ್ನ ಪದಗಳ ಹಾಳೆಗಳನ್ನು ಮಗುಚಿ, ದುರ್ಗದ ಪುಸ್ತಕವನ್ನು ಅಡಿಗಿಟ್ಟುಕೊಂಡು, ಮಸಿಕುಡಿಕೆಯ ಮುಚ್ಚಳ ತೆಗೆದ. "ನಿಧಾನಕ್ಕೆ ಹೇಳವ್ವ. ಬರ್ಕಂತೀನಿ."

ಹಿಡಿಯಲು ಪುಸ್ತಕವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ಸರ್ವಮಂಗಳೆಗೆ ತೋಚಲಿಲ್ಲ. ಪ್ಯಾರಿ ಬೀ ಒಂದಿಷ್ಟು ಹತ್ತಿಕಾಯಿಗಳನ್ನು ಅವಳ ಮುಂದಕ್ಕೆ ತಳ್ಳಿದಳು. ಅವಳು ಒಂದನ್ನು ಬಿಡಿಸಿ, ಬಿಳಿ ಹತ್ತಿಯನ್ನು ಮಡಿಲಿಗೆ ಹಾಕಿಕೊಂಡಳು.

"ಗೌರಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು," ಎಂದಳು.