ಹನುಮಕ್ಕನ ಪಾಟೀಸವಾಲು

ಮತ್ತೆ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದಾಳೆ ಮುದುಕಿ, ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿಯುವಷ್ಟರಲ್ಲಿ ಎಷ್ಟು ಸಲ ಒರೆಸಿದಳೋ, ಒರೆಸಿದರೂ ಕಾಣದ ಕಣ್ಣು ಅದು, ಎಂದು ಆರೋಪಿಯ ವಕೀಲೆ ನೀಲಾಂಬಿಕಾಳಿಗೆ ಹೊಳೆಯಿತು — ಸಿಕ್ಕಿತು, ಹಿಡಿಯಬೇಕಾದ ಎಳೆ ಸಿಕ್ಕಿತು, ಸಿಗದಿದ್ದರೇ ಚೆನ್ನಾಗಿತ್ತು. ಪಾಟೀಸವಾಲು ಇದೆಯೇನಮ್ಮಾ, ನ್ಯಾಯಾಧೀಶರು ಕೇಳುತ್ತಿದ್ದಾರೆ, ಇದೆ ಸ್ವಾಮಿ, ಎದ್ದು ನಿಂತಾಯಿತು, ಕಪ್ಪು ಕೋಟಿನೊಳಗೆ ಬೆನ್ನು ಒದ್ದೆ, ಸಾಕ್ಷಿಕಟ್ಟೆಯಲ್ಲಿ ಹನುಮಕ್ಕ, ಕುರುಬರಹಳ್ಳಿಯವಳು, ಹೋದ ವರ್ಷ ಒಂದು ಮುಸ್ಸಂಜೆ ಗಂಡ ಮುನಿವೆಂಕಟಪ್ಪನ ಜೊತೆ ರಸ್ತೆ ದಾಟುತ್ತಿದ್ದವಳು, ಬೈಕು ಬಂದು ಗುದ್ದಿದ್ದು, ಮುದುಕ ಅಲ್ಲೇ ಹೋಗಿಬಿಟ್ಟದ್ದು, ಗುದ್ದಿದವನ ಮುಖ ಕಂಡದ್ದು ಇವಳೊಬ್ಬಳಿಗೇ. ಹಿಂದೆ ಆರೋಪಿಯ ಜಾಗದಲ್ಲಿ ದುಂಡೇಶ, ಊಟದ ಪಾರ್ಸೆಲ್ ಹೊತ್ತು ಬೈಕಿನಲ್ಲಿ ತಿರುಗುವ ಹುಡುಗ, ತನ್ನ ಕಕ್ಷಿದಾರ, ಅವನ ಉಸಿರು ಕೂಡ ಕಿವಿಗೆ ಬೀಳುತ್ತಿದೆ.

ಗುದ್ದಿದಾಂವ ನಾನಽ ರೀ ಮೇಡಂ — ಹೋದ ವಾರ ರಾಜಾಜಿನಗರದ ಆಫೀಸಿನಲ್ಲಿ ಬಾಗಿಲು ಹಾಕಿಸಿ ಹೇಳಿದ್ದ, ಹೆಲ್ಮೆಟ್ ತಗದು ನೋಡಿದ್ನಿರೀ, ಅಜ್ಜ ಮಿಸುಕಾಡಲಿಲ್ಲ, ಅಂಜಿ ಓಡಿಬಿಟ್ಟೆ. ತಪ್ಪೊಪ್ಪಿಕೊಂಡುಬಿಡಪ್ಪ ಎಂದದ್ದಕ್ಕೆ ಕಾಲಿಗೇ ಬಿದ್ದಿದ್ದ, ಉಮಾಶ್ರೀಗೆ ದಿನ ತುಂಬ್ಯಾವರೀ, ನಾ ಜೇಲಿಗೆ ಹೋದ್ರ ಈ ಊರಾಗ ನನ್ನ ಹೇಣ್ತೀಗೆ ಯಾರದಾರ್ರಿ. ಬೇರೆ ವಕೀಲರನ್ನು ನೋಡಿಕೋ ಎನ್ನಬಹುದಿತ್ತು, ಎನ್ನಲಿಲ್ಲ, ವಕಾಲತ್ತಿಗೆ ಸಹಿ ಹಾಕಿದಳು, ಹಾಕಿದ ಮೇಲೆ ಅವನು ಹೇಳಿದ್ದು ತನ್ನ ಎದೆಯೊಳಗೇ ಸಾಯಬೇಕು. ಸೀನಿಯರ್ ಮುರಳೀಕೃಷ್ಣ ಬಿಡಿಸಿ ಹೇಳಿದ್ದರು, ಅವನು ಮಾಡಿಲ್ಲ ಅಂತ ನೀನು ಬಾಯಿಬಿಟ್ಟು ಹೇಳೋ ಹಾಗಿಲ್ಲ ಕಣಮ್ಮ, ಆದ್ರೆ ಮಾಡಿದಾನೆ ಅಂತ ಅವರು ಸಾಬೀತು ಮಾಡ್ಲಿ, ಸಾಕ್ಷಿನ ಒರೆಗೆ ಹಚ್ಚೋದು ನಿನ್ ಡ್ಯೂಟಿ, ನೀನು ಮೆತ್ತಗಾದ್ರೆ ಅವನ ಕಡೆ ಯಾರಿದಾರೆ. ಯಾರಿದ್ದಾರೆ, ಯಾರೂ ಇಲ್ಲ, ಸರಿ, ಈ ಮುದುಕಿಯ ಕಡೆಗೆ?

ಅಜ್ಜೀ, ನಿಮಗೆ ದೂರದ್ದು ಕಾಣುತ್ತಾ? ಕಾಣ್ತದಮ್ಮ. ಗೋಡೆ ಗಡಿಯಾರ ತೋರಿಸಿ ಎಷ್ಟು ಗಂಟೆ ಎಂದರಾಯಿತು, ಆದರೆ ಗಂಟೆ ನೋಡೋಕೆ ಬರಲ್ಲ ಎಂದುಬಿಟ್ಟರೆ ಪ್ರಶ್ನೆ ವ್ಯರ್ಥ — ಹಿಂದಿನ ಬೆಂಚಿನಲ್ಲಿ ಹಸಿರು ಸೀರೆ, ಬೆಳಿಗ್ಗೆ ಮುದುಕಿಯ ಕೈಹಿಡಿದು ಕರೆತಂದ ಮಗಳು ರಮ್ಯಶ್ರೀ — ಬೇಡ, ಅದು ಬೇಡ, ಬೇಡವೆನ್ನಲು ನೀನು ಯಾರು, ದುಂಡೇಶನ ಉಸಿರು, ಕೇಳು, ಕೇಳಿಯೇಬಿಟ್ಟಳು, ಆ ಕೊನೇ ಬೆಂಚಲ್ಲಿ ಹಸಿರು ಸೀರೆ ಉಟ್ಟು ಕೂತಿರೋರು ಯಾರು? ಆಕ್ಷೇಪಣೆ ಇದೆ ಸ್ವಾಮಿ, ಅವತ್ತು ಹತ್ತಿರದಿಂದ ನೋಡಿದಾರೆ, ಸರ್ಕಾರಿ ವಕೀಲರ ದನಿ, ಉತ್ತರ ಹೇಳಲಿ, ನ್ಯಾಯಾಧೀಶರ ದನಿ, ಮುದುಕಿ ಕತ್ತು ಚಾಚಿದಳು, ಕಣ್ಣು ಕಿರಿದು ಮಾಡಿದಳು, ಯಾರೋ ಹೆಂಗಸ್ರು ಕಣಮ್ಮ, ನಂಗೆ ಗುರ್ತಿಲ್ಲ. ರಮ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ನಿಮ್ಮ ಮಗಳು ಅಜ್ಜೀ, ಎಂದದ್ದು ಯಾರು, ತನ್ನದೇ ದನಿಯೇ ಅದು? ಅವತ್ತು ಚೆನ್ನಾಗಿ ಕಾಣ್ತಿತ್ತಮ್ಮ, ಅವ್ರು ಹೋದ್ಮೇಲೆ ಎಲ್ಲಾ ಮಂಜಾಗೋಯ್ತು — ಕಾಣುತ್ತಿತ್ತು, ಗೊತ್ತು, ಅವನು ಹೆಲ್ಮೆಟ್ ತೆಗೆದಿದ್ದ, ಈ ಕೋರ್ಟಿನಲ್ಲಿ ಅದು ನಿಜವೆಂದು ಗೊತ್ತಿರುವವರು ಮೂವರು, ಅವರಲ್ಲಿ ಬಾಯಿಬಿಡುವವಳು ಇವಳೊಬ್ಬಳೇ. ಟೈಪಿಸ್ಟ್ ಮುದುಕಿಯ ಹೇಳಿಕೆ ಕುಟ್ಟುತ್ತಿದ್ದಾನೆ, ನನಗೆ ನನ್ನ ಮಗಳ ಗುರುತೂ ಸಿಗಲಿಲ್ಲ ಎಂದರೆ ಸರಿ. ಇನ್ನು ಕೊನೆಯದು, ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ, ಎಲ್ಲ ವಕೀಲರೂ ಎಲ್ಲ ಸಾಕ್ಷಿಗೂ ಹಾಕುವ ಮಾತು, ಸುಳ್ಳು ಎನ್ನಲಾರೆ, ಇಷ್ಟನ್ನು ಮಾತ್ರ ಎನ್ನಲಾರೆ, ಅವತ್ತು ಕಂಡಿದ್ದು ಈ ಹುಡುಗನನ್ನೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಅಲ್ವಾ ಅಜ್ಜೀ? ಹೆತ್ತ ಮಗಳೇ ಗೊತ್ತಾಗ್ಲಿಲ್ವಲ್ಲ ತಾಯಿ, ಇನ್ನೇನ್ ಹೇಳ್ಲಿ.

ಇಷ್ಟೇ ಸ್ವಾಮಿ. ಹಿಂದೆ ದುಂಡೇಶ ಬಿಕ್ಕಿದ ಸದ್ದು, ಬಿಡುಗಡೆಯಾಗುತ್ತಾನೆ, ಖಂಡಿತ ಬಿಡುಗಡೆಯಾಗುತ್ತಾನೆ, ಮಗು ಹುಟ್ಟುವ ಹೊತ್ತಿಗೆ ಮನೆಯಲ್ಲಿರುತ್ತಾನೆ, ಇದಕ್ಕೇ ಅಲ್ಲವೇ ನಿಂತದ್ದು, ಮಾಡಬೇಕಾದ್ದನ್ನು ಮಾಡಿದ್ದೇನೆ, ನಿಯಮ ದಾಟಿಲ್ಲ, ಸುಳ್ಳು ನುಡಿದಿಲ್ಲ, ಸಾಕ್ಷಿ ಕೆಳಗಿಳಿಯಬಹುದು ಎನ್ನುತ್ತಿದ್ದಾರೆ, ಸೀರೆಯ ಅಂಚಿನಿಂದ ಒಂದು ಬರಿಗಾಲು ಹೊರಬಂತು, ಕಟ್ಟೆಯ ಮೆಟ್ಟಿಲು ಹುಡುಕುತ್ತಿದೆ, ಸಿಗುತ್ತಿಲ್ಲ, ಹೋಗಿ ಕೈಹಿಡಿ ನೀಲಾಂಬಿಕಾ, ಹೋಗು, ಗಾಳಿಯಲ್ಲಿ ತಡವರಿಸುವ ಪಾದ, ಹೆಬ್ಬೆರಳ ಪಕ್ಕದ ಬೆರಳಿಗೆ ಬಿಳಿಚಿದ ಗೆರೆ, ಕಾಲುಂಗುರ ತೆಗೆದ ಗೆರೆ, ಹೋಗು, ಆ ಪಾದ, ಆ ಬಿಳಿ ಗೆರೆ —